ಕ್ಯಾಂಪರ್ ವ್ಯಾನಿನ ಪ್ಲಗ್ ಸುಡುವಷ್ಟು ಕಾಯ್ತಿದ್ರೆ ಎಲ್ಲಿ ನೋಡಬೇಕು

ಚಿತ್ರದುರ್ಗದ ಕೋಟೆಗೋ ವಾಣಿವಿಲಾಸ ಸಾಗರದ ಕಡೆಗೋ ಕ್ಯಾಂಪರ್ ವ್ಯಾನ್, ಟ್ರೇಲರ್ ತಗೊಂಡು ಬರೋರು ರಾತ್ರಿ ಲಾಡ್ಜಿನ ಅಂಗಳದಲ್ಲಿ ನಿಲ್ಲಿಸಿ, ಅಲ್ಲೇ ಇರೋ ಪಾಯಿಂಟ್‌ನಿಂದ ಕರೆಂಟ್ ತಗೋತಾರೆ. ಗಾಡಿಯ ಕೇಬಲ್ಲಿಗೆ ಇರೋದು ನೀಲಿ ಇಂಡಸ್ಟ್ರಿಯಲ್ ಪ್ಲಗ್, ಗೋಡೆಯಲ್ಲಿ ಇರೋದು 6 ಆಂಪಿಯರ್ ಸಾಕೆಟ್. ನಡುವೆ ಕನ್ವರ್ಟರ್ (ಪ್ಲಗ್ ಅಡಾಪ್ಟರ್) ಒಂದು, ಕೆಲವೊಮ್ಮೆ ಒಂದರ ಹಿಂದೆ ಇನ್ನೊಂದು. ಎಸಿ, ಇಂಡಕ್ಷನ್ ಒಟ್ಟಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಆ ಕನ್ವರ್ಟರ್ ಮುಟ್ಟೋಕಾಗಲ್ಲ.

ಎಂಸಿಬಿ (ಲೋಡ್ ಮಿತಿ ಮೀರಿದರೆ ತಾನೇ ಆಫ್ ಆಗೋ ಸ್ವಿಚ್) ಬಿದ್ದಿಲ್ಲವಲ್ಲ ಅಂತ ಸುಮ್ಮನಾಗಬೇಡಿ. ಎಂಸಿಬಿ ನೋಡೋದು ಲೈನಿನಲ್ಲಿ ಎಷ್ಟು ಆಂಪಿಯರ್ ಹರೀತಿದೆ ಅನ್ನೋದನ್ನ. 6 ಆಂಪಿಯರ್ ಸಾಕೆಟ್ಟಿನ ಹಿಂದೆ 16ರ ಎಂಸಿಬಿ ಇದ್ದರೆ, 10 ಆಂಪಿಯರ್ ಎಳೆದರೂ ಅದು ಅಲ್ಲಾಡಲ್ಲ. ಸಡಿಲ ಜಾಯಿಂಟಂತೂ ಅದಕ್ಕೆ ಕಾಣೋದೇ ಇಲ್ಲ. ಶಾಕ್‌ನಿಂದ ಕಾಯೋ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ಚಿಗೂ ಅಷ್ಟೇ, ಅದು ಹಿಡಿಯೋದು ಅರ್ತಿನ ಕಡೆಗೆ ಆಗೋ ಕರೆಂಟ್ ಸೋರಿಕೆಯನ್ನ ಮಾತ್ರ. ಪಿನ್ನು ಸಾಕೆಟ್ಟಿಗೆ ಕೂರೋ ಜಾಗದಲ್ಲಿ ಬರೀ 0.1 ಓಮ್ ತಡೆ ಇದ್ದರೂ 13 ಆಂಪಿಯರಿಗೆ ಸುಮಾರು 17 ವ್ಯಾಟ್ ಬಿಸಿ ಹುಟ್ಟುತ್ತೆ. ಆ ಪುಟ್ಟ ಪ್ಲಾಸ್ಟಿಕ್ಕಿನೊಳಗೆ ಒಂದು ಸಣ್ಣ ಸೋಲ್ಡರಿಂಗ್ ಐರನ್ ಇಟ್ಟ ಹಾಗೆ. ಬಿಸಿಯಾದಷ್ಟೂ ಸಾಕೆಟ್ ಒಳಗಿನ ಹಿತ್ತಾಳೆಯ ಹಿಡಿತ ಸಡಿಲವಾಗುತ್ತೆ, ಸಡಿಲವಾದಷ್ಟೂ ಇನ್ನೂ ಕಾಯುತ್ತೆ. ಲೋಡ್ ಅರ್ಧ ಮಾಡಿದರೆ ಬಿಸಿ ಕಾಲು ಭಾಗಕ್ಕೆ ಇಳಿಯುತ್ತೆ, ಆದರೆ ಜಾಯಿಂಟ್ ಸರಿಯಾಗಲ್ಲ.

ಪತ್ತೆ ಹಚ್ಚೋದು ಹೀಗೆ. ಲೋಡ್ ಹಾಕಿ ಅರ್ಧ ಗಂಟೆ ಬಿಡಿ. ನಂತರ ಗಾಡಿಯೊಳಗಿನ ಲೋಡ್, ಗೋಡೆಯ ಸ್ವಿಚ್ ಎರಡೂ ಆಫ್ ಮಾಡಿ, ಪ್ಲಗ್ ಕಿತ್ತು, ಪಿನ್ನುಗಳನ್ನ ಬೇರೆ ಬೇರೆಯಾಗಿ ಜೋಪಾನವಾಗಿ ಮುಟ್ಟಿ ನೋಡಿ. ಫೇಸ್‌ನಲ್ಲೂ ನ್ಯೂಟ್ರಲ್‌ನಲ್ಲೂ ಹರಿಯೋದು ಒಂದೇ ಕರೆಂಟ್. ಹಾಗಾಗಿ ಎರಡೂ ಪಿನ್ ಸಮನಾಗಿ ಕಾದಿದ್ದರೆ ಆ ಪ್ಲಗ್ಗಿಗೆ ಲೋಡ್ ಜಾಸ್ತಿ. ಒಂದೇ ಪಿನ್ ಕಾದಿದ್ದರೆ ತೊಂದರೆ ಆ ಬದಿಯ ಸ್ಕ್ರೂನಲ್ಲಿ, ಇಲ್ಲ ಸಾಕೆಟ್ಟಿನ ಆ ತೂತಿನಲ್ಲಿ. ಈ ಒಂದು ಪರೀಕ್ಷೆ ಮಾಡದೆ ದುಡ್ಡು ಕೊಟ್ಟು ದಪ್ಪ ಕೇಬಲ್ ತರೋರು ತುಂಬಾ ಜನ, ಅವರ ಪ್ಲಗ್ ಮತ್ತೆ ಸುಡುತ್ತೆ.

ಪಿನ್ ಕಪ್ಪಾಗಿದ್ದರೆ ಸ್ಯಾಂಡ್‌ಪೇಪರ್ ಹಾಕಿ ಉಜ್ಜಬೇಡಿ, ಮೇಲಿನ ಲೇಪನ ಹೋಗುತ್ತೆ. ಪ್ಲಗ್ಗು, ಸಾಕೆಟ್ಟು ಎರಡನ್ನೂ ಒಟ್ಟಿಗೇ ಬದಲಾಯಿಸಿ. ಸುಟ್ಟ ಪಿನ್ನು ಹೊಸ ಸಾಕೆಟ್ಟನ್ನೂ ಕೆಡಿಸುತ್ತೆ. ವೈರು ಕಪ್ಪಾಗಿರೋವರೆಗೂ ಕತ್ತರಿಸಿ, ಹೊಳೆಯೋ ತಾಮ್ರ ಸಿಗೋ ಕಡೆಯಿಂದ ಸುಲಿಯಿರಿ. ಎಳೆಗಳಿಗೆ ಸೀಸ (ಸೋಲ್ಡರ್) ಹಾಕಿ ಸ್ಕ್ರೂ ಬಿಗಿಯೋದು ತಪ್ಪು. ಒತ್ತಡಕ್ಕೆ ಸೀಸ ನಿಧಾನವಾಗಿ ಚಪ್ಪಟೆಯಾಗಿ ಸ್ಕ್ರೂ ಸಡಿಲವಾಗುತ್ತೆ. ವೈರಿನ ತುದಿಗೆ ಅಳತೆಗೆ ಸರಿಯಾದ ಲಗ್ (ಲೋಹದ ತೊಡಿಗೆ) ಹಾಕಿ ಕ್ರಿಂಪ್ ಮಾಡಿ, ಅಂದರೆ ಇಕ್ಕಳದಲ್ಲಿ ಒತ್ತಿ ಬಿಗಿ ಮಾಡಿ. ಕೆಲವು ದಿನ ಬಳಸಿದ ಮೇಲೆ, ಮೇನ್ ಆಫ್ ಮಾಡಿ, ಸ್ಕ್ರೂ ಮತ್ತೊಮ್ಮೆ ಬಿಗಿಯಿರಿ.

ಕನ್ವರ್ಟರ್ ಬದಲು ಚಿಕ್ಕ ಕೇಬಲ್ ಮಾಡಿಸೋದೇ ವಾಸಿ: ಒಂದು ತುದಿಗೆ 16 ಆಂಪಿಯರ್ ಮೂರು ಪಿನ್ನಿನ ಪ್ಲಗ್ ಟಾಪ್, ಇನ್ನೊಂದಕ್ಕೆ ನೀಲಿ ಸಾಕೆಟ್, ನಡುವೆ 2.5 ಸ್ಕ್ವೇರ್ ಎಂಎಂ ಮೂರು ಕೋರ್ ತಾಮ್ರದ ಫ್ಲೆಕ್ಸಿಬಲ್ ಕೇಬಲ್. ಗೋಡೆಯಲ್ಲಿ 6ರ ಸಾಕೆಟ್ ಮಾತ್ರ ಇದ್ದರೆ ಫ್ರಿಜ್ಜು, ಲೈಟು, ಬ್ಯಾಟರಿ ಚಾರ್ಜರ್ ಇಷ್ಟನ್ನೇ ಹಾಕಿ. 230 ವೋಲ್ಟಿಗೆ 6 ಆಂಪಿಯರ್ ಅಂದರೆ 1380 ವ್ಯಾಟ್, 2000 ವ್ಯಾಟಿನ ಇಂಡಕ್ಷನ್ ಒಂದೇ 8.7 ಆಂಪಿಯರ್ ಎಳೆಯುತ್ತೆ.

20 ಮೀಟರಿನ 1 ಸ್ಕ್ವೇರ್ ಎಂಎಂ ಎಕ್ಸ್‌ಟೆನ್ಷನ್‌ನಲ್ಲಿ 10 ಆಂಪಿಯರಿಗೆ ಹೆಚ್ಚುಕಡಿಮೆ 8 ವೋಲ್ಟ್ ಹೋಗುತ್ತೆ, 80 ವ್ಯಾಟ್ ವೈರಿನಲ್ಲೇ ಬಿಸಿ. ಅದನ್ನ ಸುರುಳಿಯಲ್ಲೇ ಬಿಟ್ಟರೆ ಒಳಸುತ್ತಿನ ಇನ್ಸುಲೇಷನ್ ಮೆತ್ತಗಾಗುತ್ತೆ. ಪೂರ್ತಿ ಬಿಚ್ಚಿ ಹಾಸಿ.

ಇಲ್ಲಿಯ ಕಲ್ಲುನೆಲ ಬೇಸಿಗೆಯಲ್ಲಿ ಒಣಗಿ ಅರ್ತ್ ಗುಂಡಿ ಕೆಲಸ ಮಾಡದಿರಬಹುದು. ಗಾಡಿಯ ಮೈ ಲೋಹದ್ದಾದ್ದರಿಂದ ಇದು ಪ್ಲಗ್ ಬಿಸಿಗಿಂತ ದೊಡ್ಡ ವಿಷಯ. ಕನೆಕ್ಟ್ ಮಾಡೋ ಮೊದಲು ಮೀಟರ್ ಹಿಡಿದು ಫೇಸ್‌ನಿಂದ ನ್ಯೂಟ್ರಲ್ಲಿಗೂ ಅರ್ತಿಗೂ ಎಷ್ಟಿದೆ ನೋಡಿ. ಎರಡರ ನಡುವೆ ಹತ್ತಾರು ವೋಲ್ಟ್ ವ್ಯತ್ಯಾಸ ಕಂಡರೆ ಆ ಪಾಯಿಂಟ್ ಬೇಡ. ಹತ್ತಿರ ಹತ್ತಿರ ಇದ್ದರೂ ಮೀಟರ್ ಪೂರ್ತಿ ಭರವಸೆ ಕೊಡಲ್ಲ, ಗಾಡಿಯೊಳಗೆ ಆರ್‌ಸಿಸಿಬಿ ಇರಲೇಬೇಕು, ಪ್ರತಿ ಸಲ ಕನೆಕ್ಟ್ ಮಾಡಿದಾಗ ಅದರ ಟೆಸ್ಟ್ ಬಟನ್ ಒತ್ತಿ ನೋಡಿ.