ಸೂರ್ಯನಂಥ ನಕ್ಷತ್ರದ ಪಕ್ಕ ಎರಡು ಚುಕ್ಕಿ

2020ರಲ್ಲಿ ಬಂದ ಒಂದು ಫೋಟೋವನ್ನು ನಾನು ಇವತ್ತಿಗೂ ಆಗಾಗ ತೆಗೆದು ನೋಡುತ್ತೇನೆ. ಎಡಗಡೆ ಮೇಲಿನ ಮೂಲೆಯಲ್ಲಿ ವೈಎಸ್‌ಇಎಸ್ 1 ಅನ್ನೋ ನಕ್ಷತ್ರ, ನಡುವೆ ಒಂದು ಚುಕ್ಕಿ, ಬಲಗಡೆ ಕೆಳಗೆ ಇನ್ನೊಂದು. ಅಷ್ಟೇ. ಆದರೆ ಸೂರ್ಯನಂಥ ನಕ್ಷತ್ರದ ಸುತ್ತ ಒಂದಕ್ಕಿಂತ ಜಾಸ್ತಿ ಗ್ರಹಗಳನ್ನು ನೇರವಾಗಿ ಫೋಟೋದಲ್ಲಿ ಹಿಡಿದಿದ್ದು ಅದೇ ಮೊದಲು!

ಚಿಲಿಯ ದೊಡ್ಡ ದೂರದರ್ಶಕದಲ್ಲಿ ನಕ್ಷತ್ರದ ಬೆಳಕನ್ನು ಮರೆಮಾಡಿ ತೆಗೆದದ್ದು, ಇಲ್ಲದಿದ್ದರೆ ಆ ಪ್ರಖರತೆಯಲ್ಲಿ ಪಕ್ಕದ ಮಂಕು ಚುಕ್ಕಿಗಳು ಕಾಣುವುದೇ ಇಲ್ಲ, ಬೈಕಿನ ಹೆಡ್‌ಲೈಟ್ ಪಕ್ಕದ ಮಿಣುಕುಹುಳದ ಹಾಗೆ. ನಕ್ಷತ್ರಕ್ಕೆ ಬರೀ 1.7 ಕೋಟಿ ವರ್ಷ, ಸೂರ್ಯನ ಮುಂದೆ ಹಸುಗೂಸು. ಗ್ರಹಗಳೂ ಹೊಸವು, ಇನ್ನೂ ಬಿಸಿಯಾಗಿವೆ, ಅದಕ್ಕೇ ಹೊಳೆಯುತ್ತವೆ.

ಒಳಗಿನದು ಗುರುವಿನ ಸುಮಾರು 14 ಪಟ್ಟು ತೂಕ. ಅದನ್ನು ಗ್ರಹ ಅನ್ನಬೇಕಾ, ಕಂದು ಕುಬ್ಜ (ಗ್ರಹಕ್ಕಿಂತ ಭಾರ, ಆದರೆ ನಕ್ಷತ್ರವಾಗುವಷ್ಟು ಭಾರವಿಲ್ಲದ ಕಾಯ) ಅನ್ನಬೇಕಾ? ಗಡಿ ಇರುವುದೇ ಗುರುವಿನ 13 ಪಟ್ಟಿನ ಆಸುಪಾಸು. ನನಗೆ ಆ ಗೊಂದಲವೇ ಇಷ್ಟ.