ತೂಲಾಗೆ ಹೋಗ್ತೀರಾ? ಹೊಟ್ಟೆಯಲ್ಲಿ ಸ್ವಲ್ಪ ಜಾಗ ಇಟ್ಕೊಳ್ಳಿ

ಮಾಸ್ಕೋಗೆ ಹೋದವರು ಒಂದು ದಿನ ತೂಲಾಗೆ ಅಂತ ಎತ್ತಿಡಿ. ದಕ್ಷಿಣಕ್ಕೆ ಸುಮಾರು 180 ಕಿ.ಮೀ. ಕುರ್ಸ್ಕಿ ಸ್ಟೇಷನ್ನಿನಲ್ಲಿ 'ಲಾಸ್ತೊಚ್ಕಾ' ರೈಲು ಹತ್ತಿದರೆ ಎರಡು ಗಂಟೆ ಚಿಲ್ಲರೆ. ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ಬ್ಯಾಂಕ್ ಕಾರ್ಡುಗಳು ಅಲ್ಲಿ ನಡೆಯೋದಿಲ್ಲ. ಕೈಯಲ್ಲಿ ರೂಬಲ್ ಇರಲಿ.

ನಾನು ಹೋಗಿದ್ದು ಪ್ರ್ಯಾನಿಕ್ ಅನ್ನೋ ಅಲ್ಲಿನ ಸಿಹಿ ತಿನ್ನೋಕೆ. ಜೇನು, ಮಸಾಲೆ ಹಾಕಿ ಕಲಸಿದ ಹಿಟ್ಟು, ಒಳಗೆ ಹಣ್ಣಿನ ಜಾಮ್, ಮೇಲೆ ಸಕ್ಕರೆ ಪಾಕದ ಹೊಳಪು. ತೂಲಾದ ಪ್ರ್ಯಾನಿಕ್ 1685ರ ದಾಖಲೆಯಲ್ಲೇ ಸಿಗುತ್ತದೆ. ಆ ಹೆಸರಿನ ಅರ್ಥವೇ ಮಸಾಲೆಯದು ಅಂತ. ಮೊದಲು ಜೇನು ಮತ್ತು ರೈ ಹಿಟ್ಟಿನ 'ಜೇನು ರೊಟ್ಟಿ' ಆಗಿತ್ತಂತೆ. ಪೂರ್ವದಿಂದ ಏಲಕ್ಕಿ, ಲವಂಗ ಬಂದಮೇಲೆ ಹೆಸರು ಬದಲಾಯಿತು.

1996ರಲ್ಲಿ ಶುರುವಾದ ಪ್ರ್ಯಾನಿಕ್ ಮ್ಯೂಸಿಯಂ ಚಿಕ್ಕದು, ಆದರೆ ಬಿಡಬೇಡಿ. ಗೈಡ್ ಮಾತಾಡೋದು ರಷ್ಯನ್ನಿನಲ್ಲಿ. ಫೋನಿನಲ್ಲಿ ಅನುವಾದದ ಆ್ಯಪ್ ಇಟ್ಟುಕೊಳ್ಳಿ. ನಾನಂತೂ ಮರದ ಅಚ್ಚುಗಳ ಮುಂದೆ ನಿಂತುಬಿಟ್ಟೆ. ಹಕ್ಕಿ, ಮೀನು, ಅಕ್ಷರ, ಎಲ್ಲ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಒತ್ತಿದಾಗ ನೆಟ್ಟಗೆ ಬರಬೇಕಲ್ವಾ! ಸಂಕ್ರಾಂತಿಗೆ ಅಜ್ಜಿ ಹೊರತೆಗೆಯುತ್ತಿದ್ದ ಸಕ್ಕರೆ ಅಚ್ಚಿನ ಮರ ನೆನಪಾಯಿತು.

ಮದುವೆ, ಹೆಸರಿನ ಹಬ್ಬ (ತಮ್ಮ ಹೆಸರಿನ ಸಂತರ ದಿನ), ಎಲ್ಲಕ್ಕೂ ಪ್ರ್ಯಾನಿಕ್ ಉಡುಗೊರೆ. ಔತಣದ ಕೊನೆಗೆ 'ರಾಜ್ಗೊನ್ನಿ' ಪ್ರ್ಯಾನಿಕ್ ಕೊಟ್ಟರೆ, ಇನ್ನು ಹೊರಡಿ ಎಂದರ್ಥ. ಬಾಯಿ ಬಿಟ್ಟು ಹೇಳೋದಕ್ಕಿಂತ ವಾಸಿ! ಚಾಟಿ ಮತ್ತು ಪ್ರ್ಯಾನಿಕ್ ಅನ್ನೋ ಮಾತೂ ಅವರಲ್ಲಿದೆ: ಒಂದು ಕೈಯಲ್ಲಿ ಹೆದರಿಕೆ, ಇನ್ನೊಂದರಲ್ಲಿ ಆಸೆ.

ತೂಲಾದ್ದೇ ಕ್ರೆಮ್ಲಿನ್ ಕೋಟೆ, ಸಮೋವಾರ್ (ಚಹಾಕ್ಕೆ ನೀರು ಕಾಯಿಸುವ ಪಾತ್ರೆ) ಮ್ಯೂಸಿಯಂ ಪಕ್ಕಪಕ್ಕದಲ್ಲೇ ಇವೆ. ಟಾಲ್‌ಸ್ಟಾಯ್ ಮನೆ ಯಾಸ್ನಾಯಾ ಪೊಲ್ಯಾನಾ ಊರಾಚೆ ಹತ್ತಿಪ್ಪತ್ತು ಕಿ.ಮೀ. ಒಳಗೇ. ಅದನ್ನೂ ನೋಡಬೇಕು ಅಂದ್ರೆ ಬೆಳಗಿನ ಮೊದಲ ರೈಲಿಗೇ ಹೊರಡಿ.

ಮೊಟ್ಟೆ ತಿನ್ನದವರು ಪೊಟ್ಟಣದ ಮೇಲೆ 'ಯೈತ್ಸೊ' ಅಥವಾ 'ಯಾಯಿಚ್ನಿ' ಅಂತ ಇದೆಯಾ ಕೇಳಿ ನೋಡಿ, ಬಹಳಷ್ಟರಲ್ಲಿ ಮೊಟ್ಟೆ ಹಾಕಿರುತ್ತಾರೆ. ತಯಾರಾದ ದಿನಾಂಕವನ್ನೂ ನೋಡಿ. ನಾನು ಹೊರಡುವ ಗಡಿಬಿಡಿಯಲ್ಲಿ ರಸ್ತೆ ಬದಿಯ ಅಂಗಡಿಯೊಂದರಲ್ಲಿ ಸುಮ್ನೆ ನಾಲ್ಕು ಎತ್ತಿಕೊಂಡೆ. ಬೆಂಗಳೂರಿಗೆ ಬಂದು ನೋಡಿದರೆ ಕಲ್ಲು. ಇಡ್ಲಿ ಪಾತ್ರೆಯಲ್ಲಿ ಎರಡು ನಿಮಿಷ ಹಬೆಗಿಟ್ಟೆ. ಒಳಗೆ ಮೆತ್ತಗಾಯಿತು, ಮೇಲಿನ ಪಾಕ ಮಾತ್ರ ಕರಗಿ ತಟ್ಟೆಗೆಲ್ಲ ಅಂಟಿತು.