ಮೈನೊಟಾರ್ ಮತ್ತು ಅದನ್ನು ಕಟ್ಟಿದ ವಿದ್ಯಾರ್ಥಿಗಳು

ದೂರದಿಂದ ನಿಯಂತ್ರಿಸುವ ರೋಬೋಟುಗಳು ಪರಸ್ಪರ ಕಾದಾಡುವ ಬ್ಯಾಟಲ್‌ಬಾಟ್ಸ್ ಎಂಬ ಅಮೆರಿಕದ ಟೆಲಿವಿಷನ್ ಸ್ಪರ್ಧೆಯನ್ನು ನೋಡುವವರಲ್ಲಿ ಮೈನೊಟಾರ್ ರೋಬೋಟನ್ನು ಅದರ ಸದ್ದಿನಿಂದಲೇ ಗುರುತಿಸಬಲ್ಲವರು ಅನೇಕರಿದ್ದಾರೆ. ಅದರ ಮುಂಭಾಗದಲ್ಲಿ ಅಡ್ಡಲಾಗಿ ಕೂರಿಸಿರುವ ಡ್ರಮ್ಮು, ಅಂದರೆ ಹಲ್ಲುಗಳಿರುವ ಉರುಳೆಯಾಕಾರದ ಆಯುಧ, ವೇಗ ಪಡೆಯುತ್ತಾ ಹೋದಂತೆ ಆ ಸದ್ದು ಮೊರೆತದಿಂದ ಕಿವಿಗಡಚಿಕ್ಕುವ ಕೂಗಿಗೆ ಏರುತ್ತದೆ; ಎದುರಾಳಿಗೆ ತಗಲಿದ ಕ್ಷಣ ಕಿಡಿಗಳು ಹಾರಿ, ಲೋಹದ ಚೂರುಗಳು ಅಖಾಡದ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕಿನ ಗೋಡೆಗೆ ಬಡಿಯುತ್ತವೆ. ಕ್ಯಾಮೆರಾ ತೋರಿಸುವುದು ಇಷ್ಟನ್ನೇ, ಮತ್ತು ಅದು ನೋಡಲು ರೋಮಾಂಚಕವಾಗಿಯೇ ಇರುತ್ತದೆ. ಆದರೆ ಈ ಯಂತ್ರದ ಬಗ್ಗೆ ನನಗಿರುವ ಅಭಿಮಾನಕ್ಕೆ ಕಾರಣ ಕಿಡಿಗಳಲ್ಲ. ಬ್ರೆಜಿಲ್ ದೇಶದ ಒಂದು ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗ ಹುಡುಗಿಯರು ಲೆಕ್ಕ ಹಾಕಿ, ಮುರಿದು, ಮತ್ತೆ ಲೆಕ್ಕ ಹಾಕಿ, ತಾವು ಕಂಡುಕೊಂಡಿದ್ದನ್ನೆಲ್ಲ ಬರೆದಿಟ್ಟು, ಅದನ್ನು ಎದುರಾಳಿಗಳೂ ಓದಲಿ ಎಂದು ಜಗತ್ತಿಗೇ ಬಿಟ್ಟುಕೊಟ್ಟ ರೀತಿ ನನ್ನನ್ನು ಸೆಳೆದಿದೆ.

ತಂಡದ ಹೆಸರು ರಿಯೊಬಾಟ್ಜ್. ರಿಯೊ ಡಿ ಜನೈರೊ ನಗರದ ಪಿಯುಸಿ-ರಿಯೊ ಎಂಬ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ 2003ರಲ್ಲಿ ಆರಂಭವಾದ ಈ ತಂಡಕ್ಕೆ ಮಾರ್ಗದರ್ಶಕರು ಪ್ರಾಧ್ಯಾಪಕ ಮಾರ್ಕೊ ಆಂಟೋನಿಯೊ ಮೆಜೊಲಾರೊ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಅವರ ಸಂಶೋಧನೆಯ ಒಂದು ಮುಖ್ಯ ಕ್ಷೇತ್ರ ಲೋಹಗಳ ದಣಿವು, ಅಂದರೆ ಮತ್ತೆ ಮತ್ತೆ ಬೀಳುವ ಹೊರೆಯಿಂದ ಒಂದು ಭಾಗದಲ್ಲಿ ಬಿರುಕು ಹುಟ್ಟಿ, ಬೆಳೆದು, ಕೊನೆಗೆ ಅದು ಮುರಿಯುವ ಬಗೆ. ಇಂಥ ವಿಷಯವನ್ನು ಕಲಿಸುವವರಿಗೆ ಕಾಳಗದ ರೋಬೋಟಿಗಿಂತ ಒಳ್ಳೆಯ ಪಾಠೋಪಕರಣ ಸಿಗಲಾರದು. ಸೇತುವೆಯೊಂದರ ಬಿರುಕು ಬೆಳೆಯಲು ವರ್ಷಗಳೇ ಬೇಕಾಗಬಹುದು. ಇಲ್ಲಿ ವಿನ್ಯಾಸದ ದೋಷ ಮೂರು ನಿಮಿಷಗಳ ಒಂದು ಪಂದ್ಯದಲ್ಲಿಯೇ ಕಣ್ಣಿಗೆ ಬೀಳುತ್ತದೆ.

ಮೈನೊಟಾರ್ 2016ರಲ್ಲಿ ಬ್ಯಾಟಲ್‌ಬಾಟ್ಸ್ ಪ್ರವೇಶಿಸಿತು. ಸುತ್ತಿಗೆ ಹೊತ್ತ ಬ್ಲ್ಯಾಕ್‌ಸ್ಮಿತ್ ರೋಬೋಟಿನೊಡನೆ ಆ ವರ್ಷ ನಡೆದ ಅದರ ಕಾಳಗವನ್ನು ಅಭಿಮಾನಿಗಳು ಇಂದಿಗೂ ನೆನೆಯುತ್ತಾರೆ. ಸೆಮಿಫೈನಲ್‌ನಲ್ಲಿ ಬಾಂಬ್‌ಶೆಲ್ ಎದುರು ತೀರ್ಪುಗಾರರ ಒಮ್ಮತವಿಲ್ಲದ ನಿರ್ಣಯದಿಂದ ಅದು ಸೋತಿತು. 2018ರಲ್ಲಿ ಫೈನಲ್‌ವರೆಗೂ ತಲುಪಿ, ಬೈಟ್ ಫೋರ್ಸ್‌ಗೆ ಮಣಿಯಿತು. ಅನುಭವಿ ಎಂಜಿನಿಯರುಗಳ ತಂಡಗಳೇ ಹೆಚ್ಚಾಗಿರುವ ಕಣದಲ್ಲಿ, ಯಂತ್ರವನ್ನು ಇನ್ನೊಂದು ಖಂಡದಿಂದ ಸಾಗಿಸಿಕೊಂಡು ಬರಬೇಕಾದ ವಿದ್ಯಾರ್ಥಿ ತಂಡವೊಂದು ಜಗತ್ತಿನ ಎರಡನೆಯ ಸ್ಥಾನಕ್ಕೆ ಏರಿದ್ದು ಸಣ್ಣ ಸಾಧನೆಯಲ್ಲ.

ಈ ಸಾಧನೆಯ ಬೇರು ಡ್ರಮ್ಮಿನ ಲೆಕ್ಕಾಚಾರದಲ್ಲಿದೆ ಎಂದು ನಾನು ತಿಳಿದಿದ್ದೇನೆ. ತಿರುಗುವ ಆಯುಧದ ವೇಗ ಎರಡು ಪಟ್ಟಾದರೆ ಅದರಲ್ಲಿ ತುಂಬಿಕೊಳ್ಳುವ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದು ಶಾಲೆಯ ಭೌತಶಾಸ್ತ್ರ. ಹಾಗಾದರೆ ಸಾಧ್ಯವಾದಷ್ಟು ವೇಗವಾಗಿ ತಿರುಗಿಸುವುದೇ ಸರಿ ಎಂದು ಯಾರಿಗಾದರೂ ತೋರುತ್ತದೆ. ಆದರೆ ಡ್ರಮ್ಮು ಅತಿವೇಗದಲ್ಲಿ ತಿರುಗುವಾಗ ಅದರ ಹಲ್ಲು ಎದುರಾಳಿಯ ಮೈಯೊಳಕ್ಕೆ ಇಳಿಯಲು ಸಮಯವೇ ಸಿಗದೆ ಬರೀ ಮೇಲ್ಮೈಯನ್ನು ಸವರಿಕೊಂಡು ಹೋಗುತ್ತದೆ. ಎರಡು ಹಲ್ಲುಗಳಿರುವ ಡ್ರಮ್ಮು ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದೆ, ರೋಬೋಟುಗಳು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಪರಸ್ಪರ ಹತ್ತಿರವಾಗುತ್ತಿವೆ ಎಂದುಕೊಳ್ಳೋಣ. ಆಗ ಸೆಕೆಂಡಿಗೆ 200 ಸಲ ಒಂದೊಂದು ಹಲ್ಲು ಮುಂದೆ ಬರುತ್ತದೆ. ಒಂದು ಹಲ್ಲು ಹೋಗಿ ಇನ್ನೊಂದು ಬರುವಷ್ಟರಲ್ಲಿ ಎದುರಾಳಿ 25 ಮಿಲಿಮೀಟರ್ ಒಳಬಂದಿರುತ್ತಾನೆ. ಹಲ್ಲು ಹೆಚ್ಚೆಂದರೆ ಅಷ್ಟು ಆಳಕ್ಕೆ ಕಚ್ಚಬಲ್ಲದು. ವೇಗವನ್ನು 10,000 ಸುತ್ತಿಗೆ ಏರಿಸಿದರೆ ಶಕ್ತಿ ಬಹಳವೇ ಹೆಚ್ಚುತ್ತದೆ, ಆದರೆ ಕಚ್ಚಿನ ಆಳ 15 ಮಿಲಿಮೀಟರಿಗೆ ಇಳಿಯುತ್ತದೆ. ಅದೇ ವೇಗದಲ್ಲಿ ಎರಡರ ಬದಲು ಒಂದೇ ಹಲ್ಲು ಇಟ್ಟರೆ ಆಳ 30 ಮಿಲಿಮೀಟರಿಗೆ ಏರುತ್ತದೆ. ಆದರೆ ಆಗ ಡ್ರಮ್ಮಿನ ತೂಕವನ್ನು ಸುತ್ತಲೂ ಬಹಳ ಎಚ್ಚರದಿಂದ ಸರಿದೂಗಿಸಬೇಕು, ಇಲ್ಲವಾದರೆ ಅದರ ಕಂಪನವೇ ಸ್ವಂತ ರೋಬೋಟಿನ ಬೇರಿಂಗುಗಳನ್ನು ಹಾಳುಮಾಡುತ್ತದೆ. ಚಾಲಕ ನೇರವಾಗಿ, ವೇಗವಾಗಿ ನುಗ್ಗಿದಷ್ಟೂ ಕಚ್ಚು ಆಳವಾಗುತ್ತದೆ ಎಂಬುದೂ ಇದೇ ಲೆಕ್ಕದಿಂದ ಹೊರಡುತ್ತದೆ. ಪರದೆಯ ಮೇಲೆ ಬರಿಯ ಧೈರ್ಯದಂತೆ ಕಾಣುವ ಮುನ್ನುಗ್ಗುವಿಕೆಯ ಹಿಂದೆ ಒಂದು ಭಾಗಾಕಾರವಿದೆ.

ಸ್ಪರ್ಧೆಯ ನಿಯಮಗಳೂ ಈ ವೇಗಕ್ಕೆ ಮಿತಿ ಹಾಕಿವೆ. ಆಯುಧದ ತುದಿ ಗಂಟೆಗೆ 250 ಮೈಲಿ, ಅಂದರೆ ಸುಮಾರು 400 ಕಿಲೋಮೀಟರ್ ವೇಗವನ್ನು ಮೀರುವಂತಿಲ್ಲ. ಹತ್ತು ಸೆಂಟಿಮೀಟರ್ ತ್ರಿಜ್ಯದ ಡ್ರಮ್ಮು 10,000 ಸುತ್ತಿನಲ್ಲಿ ತಿರುಗಿದರೆ ಅದರ ತುದಿ ಗಂಟೆಗೆ ಸುಮಾರು 377 ಕಿಲೋಮೀಟರ್ ವೇಗದಲ್ಲಿರುತ್ತದೆ ಎಂಬುದನ್ನು ಗಮನಿಸಿದರೆ ಈ ಮಿತಿಗೆ ಎಷ್ಟು ಹತ್ತಿರ ಹೋಗಬಹುದು ಎಂಬುದು ತಿಳಿಯುತ್ತದೆ.

ಇಷ್ಟು ವೇಗದಲ್ಲಿ ತಿರುಗುವ ಭಾರವಾದ ವಸ್ತು ಬುಗುರಿಯಂತೆ ತನ್ನ ಅಕ್ಷವನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ. ಆದ್ದರಿಂದ ಡ್ರಮ್ಮು ಪೂರ್ಣ ವೇಗದಲ್ಲಿರುವಾಗ ಚಾಲಕ ರೋಬೋಟನ್ನು ಥಟ್ಟನೆ ತಿರುಗಿಸಿದರೆ ಒಂದು ಬದಿಯ ಚಕ್ರ ನೆಲಬಿಟ್ಟು ಮೇಲೇಳುತ್ತದೆ. ಮೈನೊಟಾರ್ ಒಂದೇ ಬದಿಯ ಮೇಲೆ ವಾಲಿಕೊಂಡು ಕುಣಿಯುವುದನ್ನು ಕಂಡು ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ, ಆದರೆ ಚಾಲಕನಿಗೆ ಅದು ಪ್ರತಿ ತಿರುವಿನಲ್ಲಿಯೂ ಎದುರಿಸಬೇಕಾದ ತೊಡಕು. ತಿರುವಿನ ವೇಗ, ಡ್ರಮ್ಮಿನ ವೇಗ, ಚಕ್ರಗಳ ನಡುವಿನ ಅಂತರ, ಒಟ್ಟು ತೂಕ ಇವೆಲ್ಲವನ್ನೂ ಹೊಂದಿಸಿ ಎಷ್ಟು ಬೇಗ ತಿರುಗಿದರೆ ಚಕ್ರ ಏಳುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಬಹುದು.

ಇಂಥ ಲೆಕ್ಕಗಳು ಕಾಳಗದ ರೋಬೋಟುಗಳ ಬಗ್ಗೆ ರಿಯೊಬಾಟ್ಜ್ ತಂಡವೇ ಬರೆದ ಕೈಪಿಡಿಯಲ್ಲಿವೆ. ಮುನ್ನೂರಕ್ಕೂ ಹೆಚ್ಚು ಪುಟಗಳ ಅದರ ಇಂಗ್ಲಿಷ್ ಆವೃತ್ತಿ 2009ರಲ್ಲಿ ಹೊರಬಂತು, ಮತ್ತು ಅದನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಅದರಲ್ಲಿ ನನಗೆ ತುಂಬ ಹಿಡಿಸಿದ್ದು ತೂಕ ಹಂಚಿಕೆಯ ಸೂತ್ರ: ಒಟ್ಟು ತೂಕದ ಶೇ. 30ರಷ್ಟು ಚಕ್ರ ಮತ್ತು ಚಾಲನೆಯ ವ್ಯವಸ್ಥೆಗೆ, ಶೇ. 30 ಆಯುಧಕ್ಕೆ, ಶೇ. 25 ಚೌಕಟ್ಟು ಮತ್ತು ಕವಚಕ್ಕೆ, ಉಳಿದ ಶೇ. 15 ಬ್ಯಾಟರಿ ಮತ್ತು ಎಲೆಕ್ಟ್ರಾನಿಕ್ಸ್‌ಗೆ. ಬ್ಯಾಟಲ್‌ಬಾಟ್ಸ್‌ನ ತೂಕದ ಮಿತಿ 250 ಪೌಂಡ್, ಅಂದರೆ ಸುಮಾರು 113 ಕಿಲೋ. ಈ ಸೂತ್ರದ ಪ್ರಕಾರ ಆಯುಧಕ್ಕೆ ಸಿಗುವುದು 34 ಕಿಲೋ ಮಾತ್ರ. ಇದು ಕಟ್ಟುನಿಟ್ಟಿನ ಕಟ್ಟಳೆಯೇನಲ್ಲ. ಆದರೆ ಆಯುಧದ ಮೋಹಕ್ಕೆ ಬಿದ್ದು ಚಕ್ರಗಳನ್ನು ಬಡವಾಗಿಸುವ ಹೊಸಬರಿಗೆ ಮೊದಲ ದಿನವೇ ತಿಳಿದಿರಬೇಕಾದ ಮಾತು ಇದು ಎಂದು ನನಗೆ ಅನ್ನಿಸುತ್ತದೆ.

ಒಳಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಕೊರೆಯಿರಿ, ಬಿರುಕು ಅಲ್ಲಿಂದಲೇ ಹೊರಡುತ್ತದೆ ಎಂಬಂಥ ಎಚ್ಚರಿಕೆಗಳೂ ಅಲ್ಲಿ ಸಿಗುತ್ತವೆ. ಯಾವ ಭಾಗಕ್ಕೆ ಟೈಟಾನಿಯಂ ಸರಿ, ಎಲ್ಲಿ ವಿಮಾನ ತಯಾರಿಕೆಯ ಅಲ್ಯೂಮಿನಿಯಂ ಸಾಕು, ಹಲ್ಲಿಗೆ ಯಾವ ಉಕ್ಕು ಬೇಕು ಎಂಬುದನ್ನು ರೂಢಿಯ ಮಾತಿಗೆ ಬಿಡದೆ ಗಡಸುತನ, ಹೊಡೆತಕ್ಕೆ ಮುರಿಯದೆ ತಾಳುವ ಗುಣ, ತೂಕಗಳ ಹೋಲಿಕೆಯಿಂದ ವಿವರಿಸಲಾಗಿದೆ. ಮೋಟರಿನಿಂದ ಡ್ರಮ್ಮಿಗೆ ಶಕ್ತಿ ಒಯ್ಯಲು ಬೆಲ್ಟ್ ಬಳಸಿದರೆ, ದೊಡ್ಡ ಹೊಡೆತ ಬಿದ್ದಾಗ ಬೆಲ್ಟ್ ಜಾರಿ ಮೋಟರನ್ನು ಉಳಿಸುತ್ತದೆ ಎಂಬುದು ಇನ್ನೊಂದು ಉದಾಹರಣೆ. ತಂಡದ ಸ್ವಂತ ರೋಬೋಟುಗಳ ಮುರಿದ ಭಾಗಗಳನ್ನು ಮರೆಮಾಚದೆ ಚಿತ್ರಸಮೇತ ತೋರಿಸಿರುವುದನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ.

ವಿದ್ಯಾರ್ಥಿ ತಂಡಗಳ ದೊಡ್ಡ ಕಷ್ಟವೆಂದರೆ ಕೆಲಸ ಕೈಗೆ ಹತ್ತುವ ಹೊತ್ತಿಗೆ ಓದು ಮುಗಿಯುತ್ತದೆ. ಡ್ರಮ್ಮಿನ ಶಾಫ್ಟ್ ಹಿಂದೊಮ್ಮೆ ಏಕೆ ಬಾಗಿತು ಎಂದು ಬಲ್ಲವನು ಪದವಿ ಪಡೆದು ಹೊರಟ ಮೇಲೆ ಮುಂದಿನ ತಂಡ ಅದೇ ಶಾಫ್ಟನ್ನು ಮತ್ತೆ ಬಾಗಿಸುತ್ತದೆ. ರಿಯೊಬಾಟ್ಜ್ ಇದಕ್ಕೆ ಬರವಣಿಗೆಯಲ್ಲಿ ಪರಿಹಾರ ಕಂಡುಕೊಂಡಿತು, ಮತ್ತು ಆ ಬರವಣಿಗೆಯನ್ನು ತನ್ನ ಪ್ರಯೋಗಾಲಯದೊಳಗೇ ಇಟ್ಟುಕೊಳ್ಳಲಿಲ್ಲ. ಗುಟ್ಟು ಬಿಟ್ಟುಕೊಟ್ಟರೆ ಗೆಲುವು ಕೈತಪ್ಪುತ್ತದೆ ಎಂಬ ಅಂಜಿಕೆ ಅದಕ್ಕೆ ಇದ್ದಿದ್ದರೆ ಕೈಪಿಡಿ ಹೊರಬರುತ್ತಲೇ ಇರಲಿಲ್ಲ. ಕೈಪಿಡಿ ಹೊರಬಂದು ಒಂಬತ್ತು ವರ್ಷಗಳಾದ ಮೇಲೆಯೇ ಆ ತಂಡ ಬ್ಯಾಟಲ್‌ಬಾಟ್ಸ್ ಫೈನಲ್ ಆಡಿತು. ಟೆಲಿವಿಷನ್ ಕಾರ್ಯಕ್ರಮ ಕಾಳಗಕ್ಕೆ ಕೊಡುವ ಸಮಯದಲ್ಲಿ ಒಂದಿಷ್ಟನ್ನು ಎರಡು ಪಂದ್ಯಗಳ ನಡುವಿನ ದುರಸ್ತಿ ಮೇಜಿಗೂ ಕೊಟ್ಟಿದ್ದರೆ ಈ ಕೆಲಸ ಇನ್ನಷ್ಟು ಮಂದಿಯ ಕಣ್ಣಿಗೆ ಬೀಳುತ್ತಿತ್ತು.

ಓದಿ ಕೈಹಾಕಬೇಕೆನ್ನುವ ವಿದ್ಯಾರ್ಥಿಗಳು 113 ಕಿಲೋ ಯಂತ್ರದ ಕನಸಿನಿಂದ ಆರಂಭಿಸಬೇಕಾಗಿಲ್ಲ. ಒಂದು ಪೌಂಡ್ ಮತ್ತು ಮೂರು ಪೌಂಡ್ ತೂಕದ ವರ್ಗಗಳಿವೆ. ಕಚ್ಚಿನ ಆಳದ ಲೆಕ್ಕ, ತೂಕದ ಹಂಚಿಕೆ, ದುಂಡು ಮೂಲೆಯ ನಿಯಮ ಅಲ್ಲಿಯೂ ಹಾಗೆಯೇ ಅನ್ವಯಿಸುತ್ತವೆ. ಆದರೆ ಅರ್ಧ ಕಿಲೋದ ರೋಬೋಟಿನ ಆಯುಧವೂ ಬೆರಳನ್ನು ತೆಗೆಯಬಲ್ಲದು. ಆಯುಧವನ್ನು ಅಲುಗದಂತೆ ಬಂಧಿಸುವ ಪಿನ್ನು, ಪರೀಕ್ಷೆಗೆ ದಪ್ಪ ಪಾಲಿಕಾರ್ಬೊನೇಟಿನ ಪೆಟ್ಟಿಗೆ, ಲಿಥಿಯಂ ಬ್ಯಾಟರಿ ಚಾರ್ಜ್ ಆಗುವಾಗ ಪಕ್ಕದಲ್ಲೇ ಒಬ್ಬರು ಕಾವಲಿರುವುದು, ಈ ಮೂರೂ ಸಿದ್ಧವಾಗುವ ತನಕ ಮೋಟರಿಗೆ ವಿದ್ಯುತ್ ಕೊಡಬೇಡಿ.